ಗೋಪುರ ಆಮೇಲೆ, ಮೊದಲು ಗೋಡೆ ಓದಿ

ಕೇಳುಗರಿಗೆ ನಮಸ್ಕಾರ.

ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ, ಈ ಸಲ ಹೋಗಿ ಬರ್ತೀವಿ ಅನ್ನುವ ಅಪ್ಪ ಅಮ್ಮಂದಿರು ಈಗ ರೇಡಿಯೋ ಕೇಳುತ್ತಿರಬಹುದು. ನಿಮಗಾಗಿಯೇ ಈ ಮಾತು. ಲಂಡನ್ನಿನ ಅರಮನೆ, ಸೇತುವೆ ಎಲ್ಲ ನೋಡಿ, ಬೇಡ ಅನ್ನಲ್ಲ. ಆದರೆ ಒಂದು ದಿನ ಉಳಿಸಿಕೊಂಡು ಒಂದು ಹಳ್ಳಿ ಚರ್ಚಿಗೆ ಹೋಗಿ. ಹೋದಮೇಲೆ ಗೋಡೆ ಓದಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಳ್ಳಿಯ ಹೆಸರು ಆಶ್‌ವೆಲ್. ಹರ್ಟ್‌ಫರ್ಡ್‌ಶೈರಿನ ಉತ್ತರದ ಅಂಚಿನಲ್ಲಿದೆ. ಲಂಡನ್ನಿನಿಂದ ಕೇಂಬ್ರಿಡ್ಜಿಗೆ ಹೋಗುವ ರೈಲು ದಾರಿಯಲ್ಲೇ ಇದರ ಹೆಸರಿನ ಸ್ಟೇಷನ್ ಸಿಗುತ್ತದೆ. ಅಲ್ಲಿನ ಸೇಂಟ್ ಮೇರಿ ಚರ್ಚ್ 14ನೇ ಶತಮಾನದ್ದು. ಗೋಪುರ 176 ಅಡಿ. ಬಂದವರೆಲ್ಲ ಕತ್ತೆತ್ತಿ ಗೋಪುರ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ನನಗೆ ಸಂಕಟ ಆಗುವುದೇ ಅಲ್ಲಿ. ಒಳಗೆ ಬನ್ನಿ, ಗೋಡೆ ಹತ್ತಿರ ಬನ್ನಿ!

ಆ ಕಾಲದಲ್ಲಿ ಹಳ್ಳಿ ಚರ್ಚು ಊರಿನದೇ ಹೊರೆ. ರೈತ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡಬೇಕು. ಮುಖ್ಯ ಪೂಜೆ ನಡೆಯುವ ಪೂರ್ವದ ಭಾಗ ಪಾದ್ರಿಯ ಹೊಣೆ. ಜನ ನಿಲ್ಲುವ ಭಾಗವನ್ನು ಊರವರೇ ನೋಡಿಕೊಳ್ಳಬೇಕು. ಆಶ್‌ವೆಲ್‌ನಲ್ಲಿ ಕಟ್ಟಲು ಬಳಸಿದ್ದು ಕ್ಲಂಚ್ ಎಂಬ ಸುಣ್ಣದ ಕಲ್ಲು, ತುಂಬಾ ಮೆತ್ತಗಿನದು. ಮಳೆ ಗಾಳಿಗೆ ಸವೆಯುತ್ತದೆ, ರಿಪೇರಿ ಮುಗಿಯುವುದೇ ಇಲ್ಲ. ಆದರೆ ಮೆತ್ತಗಿದ್ದುದರಿಂದಲೇ ಚಾಕುವಿನ ತುದಿಯಲ್ಲಿ ಅದರ ಮೇಲೆ ಬರೆಯಲು ಆಯಿತು.

ಗೋಪುರದ ಕೆಳಗೆ, ಒಳಗಿನ ಉತ್ತರದ ಗೋಡೆಗೆ ಬನ್ನಿ. ಲ್ಯಾಟಿನ್ನಿನಲ್ಲಿ ಕೆಲವು ಸಾಲುಗಳಿವೆ. ಮೊದಲಿಗೆ ಇಸವಿ, ಅದೂ ಲೆಕ್ಕದ ರೂಪದಲ್ಲಿ: ಸಾವಿರ, ಮೂರು ಸಲ ನೂರು, ಐದು ಸಲ ಹತ್ತು. ಅಂದರೆ 1350. ಇಂಗ್ಲೆಂಡಿಗೆ ಪ್ಲೇಗ್ ಕಾಲಿಟ್ಟದ್ದು 1348ರಲ್ಲಿ. ಎರಡೇ ವರ್ಷದಲ್ಲಿ ದೇಶದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಜನ ಸತ್ತರು. ಆಗ ಇಲ್ಲೊಬ್ಬ ಗೋಡೆಯ ಮುಂದೆ ನಿಂತು ಕೆತ್ತಿದ: ದೀನ, ಕ್ರೂರ, ಹಿಂಸೆಯ ಕಾಲ, ಸಾಕ್ಷಿ ಹೇಳಲು ಉಳಿದವರು ಅತಿ ಕೆಟ್ಟ ಜನ ಮಾತ್ರ.

ಕೇಳಿಸಿತಾ? ಉಳಿದವರು ಕೆಟ್ಟವರು ಅನ್ನುತ್ತಾನೆ. ಬರೆಯುತ್ತಿರುವವನೂ ಉಳಿದವನೇ ಅಲ್ವಾ? ಸತ್ತವರೆಲ್ಲ ತನಗಿಂತ ಒಳ್ಳೆಯವರು ಅಂತ ಅವನಿಗೆ ಅನಿಸಿದೆ. ನಮ್ಮ ಶಾಸನಗಳಲ್ಲಿ ರಾಜನ ಹೆಸರು, ದಾನದ ವಿವರ ಇರುತ್ತದೆ. ಇವನು ತನ್ನ ಹೆಸರನ್ನೂ ಹಾಕಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. 1361ರಲ್ಲಿ ಪ್ಲೇಗ್ ಮತ್ತೆ ಬಂತು. ಈ ಸಲ ಮಕ್ಕಳೇ ಜಾಸ್ತಿ ಹೋದರು. ಅದರ ಬೆನ್ನಿಗೇ ಜನವರಿ 15ರಂದು, ಸಂತ ಮಾರಸ್‌ನ ಹಬ್ಬದ ದಿನ, ಭಾರೀ ಬಿರುಗಾಳಿ. ನಾರ್ವಿಚ್ ಕೆಥೆಡ್ರಲ್ಲಿನ ಶಿಖರವೇ ಉರುಳಿಬಿತ್ತು. ಆಶ್‌ವೆಲ್‌ನ ಗೋಡೆಯಲ್ಲಿ ಅದೂ ದಾಖಲಾಗಿದೆ: ಕೊನೆಗೆ ಮಾರಸ್ ಎಂಬ ಮಹಾ ಗಾಳಿ ಈ ವರ್ಷ ಲೋಕದಲ್ಲಿ ಗುಡುಗುತ್ತಿದೆ, 1361. ನಮ್ಮ ಲೆಕ್ಕಕ್ಕೆ ಅದು 1362. ಅವರಿಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ‘ಗುಡುಗಿತು’ ಅಲ್ಲ, ‘ಗುಡುಗುತ್ತಿದೆ’. ಇಷ್ಟು ಹತ್ತಿರದಿಂದ ಯಾವ ಅರಮನೆ ನಿಮ್ಮ ಹತ್ತಿರ ಮಾತಾಡುತ್ತದೆ ಹೇಳಿ?

ಸಮಯ ಆಗಿಬಿಟ್ಟಿತು, ಉಳಿದದ್ದು ಬೇಗ ಹೇಳುತ್ತೇನೆ. ಅದೇ ಗೋಡೆಯಲ್ಲಿ ದೊಡ್ಡದೊಂದು ಚರ್ಚಿನ ಚಿತ್ರ ಗೀಚಿದ್ದಾರೆ. ಅದು ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಎಂದು ಗುರುತಿಸಿದ್ದಾರೆ. 1666ರ ಬೆಂಕಿಯಲ್ಲಿ ಹಾಳಾದ ಆ ಕಟ್ಟಡ ಇಲ್ಲಿ ಶಿಖರದ ಸಮೇತ ನಿಂತಿದೆ. ಒಂದು ಕಂಬದ ಮೇಲೆ ಒಬ್ಬನ ಸಿಟ್ಟು: ಮೂಲೆಗಳನ್ನು ಸರಿಯಾಗಿ ಜೋಡಿಸಿಲ್ಲ, ಥೂ! ಕುಡಿತ ಕೆಟ್ಟದ್ದು ಅಂತ ಇನ್ನೊಬ್ಬನ ಬುದ್ಧಿಮಾತು.

ಹೋಗುವಾಗ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ನೇರವಾಗಿ ಬಿಡಬೇಡಿ, ಗೋಡೆಗೆ ಒರಗಿಸಿ ಪಕ್ಕದಿಂದ ಬೆಳಕು ಹಾಯಿಸಿ. ಆಗ ಗೀರುಗಳು ಎದ್ದು ಕಾಣುತ್ತವೆ. ಬೆರಳಿಟ್ಟು ಮಾತ್ರ ಉಜ್ಜಬೇಡಿ. ಕ್ಲಂಚ್ ಪುಡಿ ಉದುರುವ ಕಲ್ಲು. ನಿಮ್ಮ ಹಿಂದೆ ಬರುವವರಿಗೂ ಆ ಸಾಲು ಬೇಕು. ನಮಸ್ಕಾರ.