ದೊಡ್ಡ ಹಿತ್ತಲಿಗೆ ಎಂಥ ಬೇಲಿ?

ಕೃಷಿಕ ಬಂಧುಗಳಿಗೆ, ಅಡುಗೆಮನೆಯ ಕೆಲಸದ ನಡುವೆ ರೇಡಿಯೋ ಹಚ್ಚಿಟ್ಟುಕೊಂಡಿರುವ ಅಕ್ಕಂದಿರಿಗೆ ನಮಸ್ಕಾರ. ಹಿತ್ತಲಿಗೆ ತಂತಿ ಎಳೆಯಬೇಕೇ, ಗೋಡೆ ಕಟ್ಟಿಸಬೇಕೇ, ಗಿಡದ ಬೇಲಿ ಸಾಕೇ ಎಂದು ನನ್ನನ್ನು ಕೇಳದವರಿಲ್ಲ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಐದು ಸೆಂಟ್ಸ್ ಜಾಗದ ಪೇಟೆಮನೆಯಾದರೆ ನಿಮಗೆ ಇಷ್ಟವಾದದ್ದನ್ನು ಮಾಡಿಕೊಳ್ಳಿ. ಅರ್ಧ ಎಕರೆ ದಾಟಿದ ಹಿತ್ತಲಾದರೆ ಗಿಡ ನೆಡಿ. ಇನ್ನು ಹೇಳುವುದೆಲ್ಲ ಇದಕ್ಕೆ ಕಾರಣಗಳು.

ಮೊದಲ ಕಾರಣ ಅಳತೆ. ಚೌಕಾಕಾರದ ಒಂದು ಎಕರೆ ಜಾಗವನ್ನು ಒಂದು ಸುತ್ತು ಬರಬೇಕಾದರೆ ಸುಮಾರು 255 ಮೀಟರ್ ನಡೆಯಬೇಕು. ನಮ್ಮ ಗುಡ್ಡದ ಬದಿಯ ಜಾಗಗಳು ಚೌಕವಾಗಿರುವುದು ಎಲ್ಲಿ? ಅಂಕುಡೊಂಕಾದಷ್ಟೂ ಸುತ್ತಳತೆ ಹೆಚ್ಚುತ್ತದೆ. ಎರಡೂವರೆ ಮೀಟರಿಗೊಂದರಂತೆ ನೂರಕ್ಕೂ ಮಿಕ್ಕಿ ಕಂಬ ಬೇಕು. ಐದು ಸಾಲು ಎಳೆದರೆ ಮುಳ್ಳುತಂತಿಯೇ ಒಂದೂಕಾಲು ಕಿಲೋಮೀಟರ್ ದಾಟುತ್ತದೆ. ಮುರಕಲ್ಲಿನ ಗೋಡೆ ಎಂದರೆ ಒಂದೇ ವರಸೆಗೆ 650ಕ್ಕೂ ಹೆಚ್ಚು ಕಲ್ಲು. ಆಳೆತ್ತರಕ್ಕೆ ಏರಿಸುವಾಗ ಐದು ಸಾವಿರ ಮೀರುತ್ತದೆ. ಲಾರಿ ಬಾಡಿಗೆ, ಮೇಸ್ತ್ರಿಯ ಮಜೂರಿ, ಸಿಮೆಂಟು ಬೇರೆ. ಗಿಡದ ಬೇಲಿಯನ್ನು ಒಂದಡಿ ಅಂತರದಲ್ಲಿ ಎರಡು ಸಾಲಾಗಿ ನೆಟ್ಟರೂ ಬೇಕಾಗುವುದು 1,700 ಕೋಲುಗಳ ಆಸುಪಾಸು. ನೆರೆಮನೆಯವರು ತಮ್ಮ ಬೇಲಿ ಸವರುವ ದಿನ ಕತ್ತಿ ಹಿಡಿದು ಸಹಾಯಕ್ಕೆ ಹೋಗಿ. ಅಷ್ಟೂ ಕೋಲು ಧರ್ಮಕ್ಕೆ ಸಿಗುತ್ತದೆ.

ತಂತಿ ಗಟ್ಟಿ ಎನ್ನುವವರು ಮಂಜೇಶ್ವರದಿಂದ ಕುಂಬಳೆಯವರೆಗೆ ಕಡಲ ಬದಿಯಲ್ಲಿ ಒಮ್ಮೆ ನಡೆದು ನೋಡಬೇಕು. ಸತುವಿನ ಲೇಪ ಇರುವ ತಂತಿಯನ್ನೂ ಉಪ್ಪುಗಾಳಿ ಬಿಡುವುದಿಲ್ಲ. ಮುಳ್ಳು ತಿರುಚಿದ ಗಂಟಿನಲ್ಲಿ ನೀರು ನಿಂತು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಒಳನಾಡಿನವರಿಗೆ ಉಪ್ಪುಗಾಳಿ ಇಲ್ಲ, ಆದರೆ ಮಳೆ ಇದೆ. ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿಯುತ್ತದೆ. ಗೋಡೆ ಆ ನೀರನ್ನು ತಡೆದು ನಿಲ್ಲಿಸುತ್ತದೆ. ಇಂಥ ಊರಿನಲ್ಲಿ ನೀರು ಹರಿದುಹೋಗಲು ಬಿಡುವ ಬೇಲಿ ಬೇಕು. ಅದಕ್ಕೇ ಹೇಳುತ್ತೇನೆ, ಗಿಡ ನೆಡಿ.

ಪೆರ್ಲದ ಆಚೆಯ ಒಬ್ಬ ನಿವೃತ್ತ ಮಾಸ್ತರರ ವಿಷಯ ಇಲ್ಲಿ ಹೇಳಲೇಬೇಕು. ಅವರ ಹಿತ್ತಲು ಗುಡ್ಡದ ಓರೆಯಲ್ಲಿದೆ. ಮೇಲೆ ಗೇರುಗುಡ್ಡ, ಕೆಳಗೆ ನೆರೆಮನೆಯ ಅಡಿಕೆ ತೋಟ ಮತ್ತು ಬಾವಿ. ಗಡಿಯಲ್ಲಿ ಅಜ್ಜನ ಕಾಲದ ಅಗಳು, ಅಂದರೆ ಕಂದಕ, ಇತ್ತು. ಅಗಳಿನಿಂದ ತೆಗೆದ ಮಣ್ಣನ್ನು ಒಂದು ಬದಿಗೆ ಏರಿಸಿ, ಅದರ ಮೇಲೆ ನೆಕ್ಕಿ, ಕರಂಡೆ, ಹಾಲುವಾಣ ಎಲ್ಲ ಸೇರಿ ದಟ್ಟವಾಗಿ ಬೆಳೆದಿದ್ದವು. ದಾಟಲು ಒಂದು ತಡಮೆ. ಮಾಸ್ತರರ ಮಗ ವಿದೇಶದಿಂದ ರಜೆಯಲ್ಲಿ ಬಂದವನು, ಇದೆಲ್ಲ ಹಾವಿನ ಮನೆ ಎಂದು ಜೆಸಿಬಿ ತರಿಸಿ ಎರಡು ದಿನದಲ್ಲಿ ನೆಲಸಮ ಮಾಡಿಸಿದ. ಅಗಳು ಮುಚ್ಚಿತು. ಮುರಕಲ್ಲಿನ ಗೋಡೆ ಎದ್ದಿತು. ನಾನು ಆಗ ಆ ದಾರಿಯಲ್ಲಿ ಹೋಗಿದ್ದವನು ಕೇಳಿದೆ: "ಮಾಸ್ತರೇ, ಗುಡ್ಡದ ನೀರು ಇನ್ನು ಎಲ್ಲಿ ಹೋಗಬೇಕು?" "ಬುಡದಲ್ಲಿ ತೂತು ಬಿಟ್ಟಿದ್ದಾರಲ್ಲ" ಎಂದು ಮೇಸ್ತ್ರಿ ಇಟ್ಟಿದ್ದ ಪೈಪಿನ ತುಂಡುಗಳನ್ನು ತೋರಿಸಿದರು.

ಜೂನ್ ತಿಂಗಳು ಹೇಗೋ ಕಳೆಯಿತು. ಜುಲೈ-ಆಗಸ್ಟಿನ ಆಟಿಯ ಮಳೆಗೆ ಗೇರಿನ ಎಲೆಗಳು ಕೊಚ್ಚಿಕೊಂಡು ಬಂದು ಆ ಪೈಪುಗಳ ಬಾಯಿ ಮುಚ್ಚಿದವು. ಗೋಡೆಯ ಹಿಂದೆ ಮಣ್ಣು ನೀರು ಕುಡಿದು ಉಬ್ಬಿತು. ಒಂದು ರಾತ್ರಿ ಗೋಡೆಯ ಉದ್ದನೆಯ ಒಂದು ತುಂಡು ಕೆಳಗಿನ ತೋಟಕ್ಕೆ ಮಗುಚಿ ಬಿತ್ತು. ಫಲ ಬಿಡುತ್ತಿದ್ದ ಅಡಿಕೆ ಮರಗಳು ಮುರಿದವು, ಬಾವಿಗೆ ಕೆಂಪು ನೀರು ನುಗ್ಗಿತು. ಬೆಳಗ್ಗೆ ಜಗಳವೇ ಆಗುತ್ತದೆ ಎಂದು ಎಲ್ಲರೂ ಹೆದರಿದ್ದರು. ಆ ತೋಟದ ಅಜ್ಜಿ ಕೊಡೆ ಹಿಡಿದು ಬಂದು ಹೇಳಿದ್ದು ಇಷ್ಟೇ: "ಮಾಸ್ತರೇ, ಕಲ್ಲು ಆಮೇಲೆ ಹೆಕ್ಕಿಸಿ. ಮೊದಲು ಅಗಳು ಬಿಡಿಸಿ. ಇನ್ನೊಂದು ಮಳೆ ಬಂದರೆ ನನ್ನ ಬಾವಿ ಉಳಿಯುವುದಿಲ್ಲ." ಸುರಿಯುವ ಮಳೆಯಲ್ಲೇ ನಾಲ್ಕು ಜನ ಸೇರಿ ಹಳೆಯ ಅಗಳಿನ ಜಾಡು ಹಿಡಿದು ಮಣ್ಣು ತೆಗೆದರು. ನೀರು ತನ್ನ ಹಳೆಯ ದಾರಿಯಲ್ಲೇ ಹೋಯಿತು.

ಮರುವರ್ಷ ಮಾಸ್ತರರು ನನ್ನನ್ನು ಕರೆದರು. ಕೆಳಬದಿಯಲ್ಲಿ ಮತ್ತೆ ಗೋಡೆ ಬೇಡ ಎಂದು ಅವರೇ ನಿರ್ಧರಿಸಿದ್ದರು. ಕೆಲಸ ಮಾಡಿದ್ದು ಹೀಗೆ, ನೀವೂ ಹೀಗೆಯೇ ಮಾಡಿ. ಮುರ ನೆಲವಾದ್ದರಿಂದ ಹಾರೆಯಲ್ಲಿ ಒಂದಡಿ ಆಳದ ಚಡಿ ತೆಗೆದು, ತರಗೆಲೆ, ಹಟ್ಟಿಗೊಬ್ಬರ, ಮೇಲ್ಮಣ್ಣು ತುಂಬಿಸಿದೆವು. ಅಗಳಿನ ಏರಿಯ ಮೇಲೆ ಒಂದು ಸಾಲು ಗ್ಲಿರಿಸೀಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡ. ಹೆಬ್ಬೆರಳಿಗಿಂತ ದಪ್ಪದ, ಮೀಟರ್ ಉದ್ದದ ಬಲಿತ ಕೋಲುಗಳು. ಹೊರಸಾಲಿಗೆ ನೆಕ್ಕಿ ಮತ್ತು ಆಡುಸೋಗೆ. ಇವೆರಡಕ್ಕೂ ದನ ಬಾಯಿ ಹಾಕುವುದಿಲ್ಲ. ನಡುನಡುವೆ ಕರಂಡೆಯ ಸಸಿ. ಅದು ನಿಧಾನವಾಗಿ ಬೆಳೆಯುತ್ತದೆ, ಆದರೆ ಅದರ ಮುಳ್ಳನ್ನು ದಾಟಿ ಯಾವ ಕಳ್ಳನೂ ಬರುವುದಿಲ್ಲ. ಉಪ್ಪಿನಕಾಯಿಗೆ ಕಾಯಿಯೂ ಸಿಗುತ್ತದೆ. ಬೇಲಿ ಏಳುವವರೆಗೆ ಕಾಯಲು ಎರಡು ಸಾಲು ತಂತಿಯನ್ನು ಮಾತ್ರ ಎಳೆದಿದ್ದರು. ತಂತಿಯ ಕೆಲಸ ಅಷ್ಟೇ. ಮಗುವಿಗೆ ನಡೆಯಲು ಬರುವ ತನಕ ಹಿಡಿಯುವ ಕೈಯಂತೆ.

ಈಗ ಆ ಬೇಲಿಯಲ್ಲಿ ಪಿಕಳಾರ ಗೂಡು ಕಟ್ಟುತ್ತದೆ, ಕೆಂಬೂತ ನುಸುಳಿಕೊಂಡು ಓಡಾಡುತ್ತದೆ. ವರ್ಷಕ್ಕೆ ಮೂರು ಸಲ ಸವರಿದ ಸೊಪ್ಪು ನೇರ ತೆಂಗಿನ ಬುಡಕ್ಕೆ ಹೋಗುತ್ತದೆ. ಗ್ಲಿರಿಸೀಡಿಯಾ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವ ಗಿಡ. ತೆಂಗಿನ ತೋಟದ ಗಡಿಯಲ್ಲಿ ಅದನ್ನು ಬೆಳೆಸಿ ಸೊಪ್ಪು ಹಾಕಿ ಎಂದು ಇಲ್ಲೇ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ, ಅಂದರೆ ಸಿ.ಪಿ.ಸಿ.ಆರ್.ಐ.ಯ, ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಮನೆಯಂಗಳದ ಪಕ್ಕದ ಸಂಸ್ಥೆಯ ಮಾತನ್ನು ನಾವು ಕೇಳದಿದ್ದರೆ ಇನ್ನು ಯಾರು ಕೇಳಬೇಕು? ಯಾವ ತಂತಿ ನಿಮಗೆ ಗೊಬ್ಬರ ಕೊಟ್ಟಿದೆ? ಗಿಡ ನೆಡಿ.

ಮಾಸ್ತರರ ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಾವು ಬರುತ್ತದೆ ಎನ್ನುವವರು ಬೇಲಿಯ ಬುಡವನ್ನು ಒಂದಡಿ ಎತ್ತರದವರೆಗೆ ಚೊಕ್ಕಟವಾಗಿಡಿ, ಬೇಲಿಯನ್ನೇ ಕಡಿಯಬೇಡಿ. ಕಳೆನಾಶಕ ಸಿಂಪಡಿಸುವುದಂತೂ ಬೇಡವೇ ಬೇಡ. ಕಾಡುಹಂದಿ ಗಿಡದ ಬೇಲಿಯಡಿ ನುಗ್ಗುತ್ತದೆ, ಮುಳ್ಳುತಂತಿಯಡಿಯೂ ನುಗ್ಗುತ್ತದೆ. ಮರಗೆಣಸು, ಕೆಸು ಬೆಳೆಸಿದ ತುಂಡು ಜಾಗಕ್ಕೆ ಮಾತ್ರ ಸೌರಬೇಲಿ ಹಾಕಿ, ಇಡೀ ಹಿತ್ತಲಿಗೆ ಬೇಡ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಅದರಿಂದ ಮನುಷ್ಯರು ಸಾಯುತ್ತಾರೆ. ಕಾರಡ್ಕ, ದೇಲಂಪಾಡಿ ಕಡೆಯ ಆನೆಗೆ ನಮ್ಮ ನಿಮ್ಮ ಬೇಲಿ ಲೆಕ್ಕಕ್ಕಿಲ್ಲ. ಅದು ಅರಣ್ಯ ಇಲಾಖೆಯ ತೂಗುಬೇಲಿಯ, ಅಂದರೆ ಮೇಲಿಂದ ಇಳಿಬಿಟ್ಟ ಸೌರತಂತಿಗಳ ಬೇಲಿಯ, ವಿಷಯ.

ಬೇಲಿಗೆ ಕಾಡುಹರಳು ನೆಡುವವರ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಿಲ್ಲಿಸಿ, ಅದರ ಬೀಜ ವಿಷ. ಕಡಲ ಬದಿಯವರಿಗೆ ಕೇದಗೆ ಒಳ್ಳೆಯದು.

ಇನ್ನು ಗಡಿಯ ವಿಷಯ. ಕೇರಳದಲ್ಲಿ 2022ರ ನವೆಂಬರಿನಿಂದ ಡಿಜಿಟಲ್ ಸರ್ವೆ ನಡೆಯುತ್ತಿದೆ. ಸರ್ವೆಯವರಿಗೆ ಗಡಿಕಲ್ಲು ಕಾಣುವಂತಿರಬೇಕು, ಅದನ್ನು ಪೊದೆಯೊಳಗೆ ಹುಗಿಯಬೇಡಿ. ಗಡಿಯಿಂದ ಎರಡಡಿ ಒಳಗೆ ಬಂದು ನೆಡಿ; ಹೊರಬದಿ ಸವರಲು ನೆರೆಯವರ ಜಾಗಕ್ಕೆ ಕಾಲಿಡಬೇಕಾಗುವುದಿಲ್ಲ. ರಸ್ತೆಗೆ ತಾಗಿದ ಬದಿಗೆ ಗೋಡೆ ಬೇಕೇ ಬೇಕು ಎನ್ನುವವರು ಮೊದಲು ಪಂಚಾಯತಿನಲ್ಲಿ ಅನುಮತಿ ಕೇಳಿ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಮೊದಲು ಅಗಳು ಬಿಡಿಸಿ, ಚಡಿ ತೆಗೆದಿಡಿ. ಎರಡು ಒಳ್ಳೆಯ ಮಳೆ ಬಿದ್ದು ನೆಲ ತಣಿದ ಕೂಡಲೇ ಕೋಲು ಊರಿ. ಬುಡದ ಮಣ್ಣನ್ನು ಕಾಲಿನಿಂದ ಚೆನ್ನಾಗಿ ಮೆಟ್ಟಿ ಗಟ್ಟಿ ಮಾಡಿ. ಚಿಗುರದ ಕೋಲುಗಳ ಜಾಗಕ್ಕೆ ಆಟಿಯ ಒಳಗೆ ಬೇರೆ ಕೋಲು ನೆಡಬೇಕು, ತಡ ಮಾಡಿದರೆ ಬೇಲಿಯಲ್ಲಿ ಕಂಡಿ ಉಳಿಯುತ್ತದೆ. ಕೋಲು ಎಲ್ಲಿ ಸಿಗುತ್ತದೆ ಎಂದು ತಿಳಿಯದವರು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ. ನಮಸ್ಕಾರ.