ಕಡಲಿಲ್ಲದ ಊರಿಗೆ ಕಡಲಿನ ಮಟ್ಟ

ಕೇಳುಗರೇ, ನಮಸ್ಕಾರ.

ಕಡಲಿನಿಂದ ಸಾವಿರ ಕಿಲೋಮೀಟರ್ ದೂರದ ಒಂದು ಊರು. ಸಮುದ್ರ ಮಟ್ಟಕ್ಕಿಂತ 600 ಮೀಟರ್ ಎತ್ತರದಲ್ಲಿದೆ ಅಂತ ಬರೆದಿರುತ್ತಾರೆ. ಅಲ್ಲಿಂದ ಎಷ್ಟು ಕಣ್ಣರಳಿಸಿ ನೋಡಿದರೂ ಸಮುದ್ರ ಕಾಣುವುದಿಲ್ಲ. ಹಾಗಾದರೆ ಅಳೆದದ್ದು ಹೇಗೆ?

ಮೊದಲ ತೊಡಕು ಸಮುದ್ರದ್ದೇ. ಅದು ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ. ಅಲೆ, ಗಾಳಿ, ಉಬ್ಬರ, ಇಳಿತ. ಅದಕ್ಕೇ ದಡದಲ್ಲಿ ಮಾಪಕ ಇಟ್ಟು, ನೀರಿನ ಮಟ್ಟವನ್ನು ವರ್ಷಗಟ್ಟಲೆ ದಾಖಲಿಸಿ ಸರಾಸರಿ ತೆಗೆಯುತ್ತಾರೆ. ಉಬ್ಬರ, ಇಳಿತ ತರುವ ಚಂದ್ರನ ಹಾದಿಯ ಓಲಾಟ ಒಂದು ಸುತ್ತು ಮುಗಿಯಲು 18.6 ವರ್ಷ ಬೇಕು. ಹಾಗಾಗಿ 19 ವರ್ಷದ ಲೆಕ್ಕ ಸಿಕ್ಕರೆ ಒಳ್ಳೆಯದು. ಆ ಸರಾಸರಿಯೇ ಸೊನ್ನೆ. ಅದಕ್ಕೆ ಹೋಲಿಸಿ, ಹತ್ತಿರದ ಗಟ್ಟಿ ಬಂಡೆಯ ಮೇಲೆ ಒಂದು ಗುರುತಿನ ಎತ್ತರ ನಿಗದಿ ಮಾಡುತ್ತಾರೆ. ಅದು ಬೆಂಚ್‌ಮಾರ್ಕ್.

ಅಲ್ಲಿಂದ ಒಳನಾಡಿಗೆ ನಡಿಗೆ ಶುರು. ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಪುಟ್ಟ ದುರ್ಬೀನು. ಅದನ್ನು ಸರಿಯಾಗಿ ಮಟ್ಟ ಮಾಡಿದರೆ ನೋಟ ಅಡ್ಡಕ್ಕೆ ನೇರವಾಗಿ ಹೋಗುತ್ತದೆ. ಹಿಂದೆ ಒಬ್ಬರು, ಮುಂದೆ ಒಬ್ಬರು ಅಳತೆಗೋಲು ಹಿಡಿದು ನಿಲ್ಲುತ್ತಾರೆ. ಹಿಂದಿನ ಕೋಲಿನಲ್ಲಿ 2.315 ಕಂಡಿತು, ಮುಂದಿನದರಲ್ಲಿ 0.840 ಕಂಡಿತು ಅನ್ನಿ. ನೆಲ 1.475 ಮೀಟರ್ ಏರಿದೆ ಅಂತ ಅರ್ಥ. ಆಮೇಲೆ ದುರ್ಬೀನು ಮುಂದಕ್ಕೆ, ಹಿಂದಿನ ಕೋಲು ಅದಕ್ಕಿಂತ ಮುಂದಕ್ಕೆ. ಹೀಗೇ ನೂರಾರು ಕಿಲೋಮೀಟರ್!

ಇದರಲ್ಲೊಂದು ಜಾಣತನವಿದೆ. ಭೂಮಿ ದುಂಡಗಿರುವುದರಿಂದ ನೇರ ನೋಟ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 8 ಸೆಂಟಿಮೀಟರ್ ತಪ್ಪುತ್ತದೆ. ದುರ್ಬೀನಿನಲ್ಲೂ ಚೂರು ಓರೆ ಇರಬಹುದು. ಆದರೆ ಎರಡು ಕೋಲುಗಳ ನಟ್ಟನಡುವೆ ದುರ್ಬೀನು ಇಟ್ಟರೆ, ಎರಡೂ ಕಡೆ ಅಷ್ಟೇ ತಪ್ಪು ಬರುತ್ತದೆ. ಕಳೆಯುವಾಗ ತಾನೇ ಹೋಗುತ್ತದೆ. ಉಳಿದ ಸಣ್ಣಪುಟ್ಟ ತಪ್ಪು ಹಿಡಿಯಲು ಹೋದ ದಾರಿಯಲ್ಲೇ ಅಳೆಯುತ್ತಾ ವಾಪಸ್ ಬರುತ್ತಾರೆ.

ಇಷ್ಟಾದರೂ ಎಲ್ಲ ದೇಶದ ಸೊನ್ನೆ ಒಂದೇ ಅಲ್ಲ. ಜರ್ಮನಿಯ ಲೆಕ್ಕ ಉತ್ತರ ಸಮುದ್ರದ್ದು, ಸ್ವಿಟ್ಜರ್‌ಲ್ಯಾಂಡಿನದು ಮೆಡಿಟರೇನಿಯನ್‌ನದು. ನಡುವೆ 27 ಸೆಂಟಿಮೀಟರ್ ವ್ಯತ್ಯಾಸ. ಇವೆರಡರ ಗಡಿಯ ಲಾಫೆನ್‌ಬರ್ಗ್‌ನಲ್ಲಿ ರೈನ್ ನದಿಗೆ ಸೇತುವೆ ಕಟ್ಟುವಾಗ ಇದು ಎಂಜಿನಿಯರುಗಳಿಗೆ ಗೊತ್ತಿತ್ತು. ಆದರೆ ಕೂಡುವ ಕಡೆ ಕಳೆದರು. 2003ರಲ್ಲಿ ನೋಡಿದರೆ ಎರಡು ದಡಗಳ ಎತ್ತರದಲ್ಲಿ 54 ಸೆಂಟಿಮೀಟರ್ ವ್ಯತ್ಯಾಸ!

ಈಗ ಜಿಪಿಎಸ್ ಇದೆಯಲ್ಲ, ಸಾಕಲ್ವಾ? ಸಾಲದು. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಅದು ಭೂಮಿಯನ್ನು ನುಣುಪಾದ, ಧ್ರುವಗಳಲ್ಲಿ ಚೂರು ಚಪ್ಪಟೆಯಾದ ಗೋಳ ಅಂತ ಲೆಕ್ಕ ಹಾಕಿ, ಅದರಿಂದ ಎತ್ತರ ಕೊಡುತ್ತದೆ. ನಿಜವಾದ ನೀರು ಗುರುತ್ವ ಎಳೆದಂತೆ ನಿಲ್ಲುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ ಅದು ಆ ಗೋಳಕ್ಕಿಂತ 100 ಮೀಟರಿಗೂ ಜಾಸ್ತಿ ಕೆಳಗಿದೆ. ನ್ಯೂ ಗಿನಿಯ ಬಳಿ ಸುಮಾರು 80 ಮೀಟರ್ ಮೇಲಿದೆ. ಈ ಏರುತಗ್ಗಿನ ಮೈಗೆ ಜಿಯಾಯ್ಡ್ ಅಂತ ಹೆಸರು. ನೆಲದಡಿಯಲ್ಲೂ ಅದು ಹಾಗೇ ಮುಂದುವರಿಯುತ್ತದೆ ಅಂದುಕೊಳ್ಳಬೇಕು. ಅಂದರೆ ಒಳನಾಡಿನಲ್ಲಿ ಸಮುದ್ರ ಮಟ್ಟ ಅಂದರೆ ಗುರುತ್ವದ ಲೆಕ್ಕವೇ. ಅದನ್ನು ಅಳೆಯಲು 2002ರಲ್ಲಿ ಗ್ರೇಸ್, 2009ರಲ್ಲಿ ಗೋಚೆ ಉಪಗ್ರಹಗಳು ಹಾರಿದವು. ಕೆನಡಾ 2013ರಲ್ಲಿ ಜಿಯಾಯ್ಡನ್ನೇ ಎತ್ತರದ ಅಧಿಕೃತ ಆಧಾರವಾಗಿ ತೆಗೆದುಕೊಂಡಿತು.

ಹಾಗಂತ ಅಳತೆಗೋಲು ಮೂಲೆ ಸೇರಿಲ್ಲ. ಜಿಯಾಯ್ಡ್ ಲೆಕ್ಕದಲ್ಲಿ ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುತ್ತದೆ. ದೊಡ್ಡ ಕಾಲುವೆ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಮಾತ್ರ ಇಳಿಯುವುದುಂಟು. ಅಲ್ಲಿ ಇವತ್ತಿಗೂ ಎರಡು ಕೋಲು, ನಡುವೆ ಒಂದು ದುರ್ಬೀನು ಬೇಕೇ ಬೇಕು.

ನಮಸ್ಕಾರ.