ಯಂತ್ರಕ್ಕೆ ವ್ಯಕ್ತಿಯ ಪಟ್ಟ: ಹೊಣೆ ಯಾರದು?

ಕೇಳುಗರಿಗೆ ನಮಸ್ಕಾರ.

2022ರ ನವೆಂಬರ್‌ನಲ್ಲಿ, ಅಜ್ಜಿಯನ್ನು ಕಳೆದುಕೊಂಡ ಕೆನಡಾದ ಪ್ರಯಾಣಿಕರೊಬ್ಬರು ಏರ್ ಕೆನಡಾ ಎಂಬ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಪ್ರಶ್ನೆಗಳಿಗೆ ತಾನಾಗಿಯೇ ಉತ್ತರಿಸುವ ತಂತ್ರಾಂಶವಾದ ಚಾಟ್‌ಬಾಟ್‌ನಲ್ಲಿ ಟಿಕೆಟ್ ದರ ವಿಚಾರಿಸಿದರು. ಟಿಕೆಟ್ ಕೊಂಡ 90 ದಿನಗಳೊಳಗೆ ಅರ್ಜಿ ಹಾಕಿದರೆ ಸಾವಿನ ಸಂದರ್ಭದ ರಿಯಾಯಿತಿ ದೊರೆಯುವುದೆಂದು ಅದು ತಿಳಿಸಿತು. ಸಂಸ್ಥೆ ಮಾತ್ರ ರಿಯಾಯಿತಿ ಕೊಡಲಿಲ್ಲ. ವ್ಯಾಜ್ಯವು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಬಂದಾಗ, ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಕಾನೂನು ವ್ಯಕ್ತಿ ಎಂಬ ಧಾಟಿಯಲ್ಲಿ ಸಂಸ್ಥೆ ವಾದಿಸಿತು. ಕಾನೂನು ವ್ಯಕ್ತಿ ಎಂದರೆ ಆಸ್ತಿ ಹೊಂದಬಲ್ಲದು, ಹೊಣೆ ಹೊರಬಲ್ಲದು ಎಂದು ಕಾನೂನು ಒಪ್ಪಿಕೊಂಡದ್ದು. 2024ರ ಫೆಬ್ರವರಿಯಲ್ಲಿ ಮಂಡಳಿ ಆ ವಾದವನ್ನು ತಳ್ಳಿಹಾಕಿ, ಸುಮಾರು 650 ಕೆನಡಾ ಡಾಲರ್ ಪರಿಹಾರವನ್ನು ಸಂಸ್ಥೆಯೇ ಕೊಡಬೇಕೆಂದು ಆದೇಶಿಸಿತು.

ಯಂತ್ರಕ್ಕೆ ಹೀಗೆ ಕಾನೂನಿನ ವ್ಯಕ್ತಿತ್ವ ಕೊಡಬೇಕೆಂಬ ಪ್ರಸ್ತಾಪವನ್ನು ನಾನು ಒಪ್ಪದಿರುವುದು, ಹೊಣೆ ಹೊರಬೇಕಾದವರು ಅದರ ಹಿಂದೆ ಅಡಗಬಹುದೆಂಬ ಈ ಕಾರಣಕ್ಕೇ. ಮನುಷ್ಯನಲ್ಲದ್ದಕ್ಕೆ ವ್ಯಕ್ತಿತ್ವ ಸಲ್ಲದೆಂಬ ಕಾರಣಕ್ಕಲ್ಲ. ನಮ್ಮ ಊರುಗಳ ಪಹಣಿಗಳಲ್ಲಿ ದೇವರ ಹೆಸರಿಗೆ ಜಮೀನಿರುವುದು ಹೊಸ ಸಂಗತಿಯೇನಲ್ಲ. 1925ರಲ್ಲಿ, ಬ್ರಿಟಿಷ್ ಆಳ್ವಿಕೆಯ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಹಿಂದೂ ದೇವರ ವಿಗ್ರಹವನ್ನು ಕಾನೂನು ವ್ಯಕ್ತಿ ಎಂದು ಎತ್ತಿಹಿಡಿಯಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವಸ್ಥಾನದ ಜಮೀನಿಗೆ ದೇವರೇ ಒಡೆಯ, ಅರ್ಚಕರು ಕೇವಲ ನೋಡಿಕೊಳ್ಳುವವರು ಎಂದು ಹೇಳಿತು. ಇಲ್ಲಿ ವ್ಯಕ್ತಿತ್ವವು ಆಸ್ತಿಯನ್ನು ಕಾಯುತ್ತದೆ, ಆ ಆಸ್ತಿಯನ್ನು ನಿರ್ವಹಿಸುವವರ ಮೇಲೆ ಕರ್ತವ್ಯವನ್ನೂ ಹೊರಿಸುತ್ತದೆ. ಆದರೆ 2017ರಲ್ಲಿ ಉತ್ತರಾಖಂಡದ ಹೈಕೋರ್ಟ್ ಗಂಗಾ, ಯಮುನಾ ನದಿಗಳನ್ನು ವ್ಯಕ್ತಿಗಳೆಂದು ಸಾರಿದಾಗ, ಪ್ರವಾಹದಲ್ಲಿ ಸತ್ತವರ ಮನೆಯವರು ಪರಿಹಾರವನ್ನು ಯಾರಿಂದ ಕೇಳಬೇಕೆಂಬ ಪ್ರಶ್ನೆಯನ್ನು ಆ ರಾಜ್ಯ ಸರ್ಕಾರವೇ ಎತ್ತಿತು. ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು.

ಅದೇ ಪ್ರಶ್ನೆ ಯಂತ್ರಗಳ ವಿಷಯದಲ್ಲಿ ಇನ್ನೂ ಕಠಿಣವಾಗುತ್ತದೆ. 2017ರ ಫೆಬ್ರವರಿಯಲ್ಲಿ ಯುರೋಪಿನ ಸಂಸತ್ತು, ಅತ್ಯಂತ ಸ್ವಾಯತ್ತ ರೋಬೋಟ್‌ಗಳಿಗೆ ‘ಎಲೆಕ್ಟ್ರಾನಿಕ್ ವ್ಯಕ್ತಿ’ ಎಂಬ ಸ್ಥಾನ ಕೊಡುವುದನ್ನು ಪರಿಶೀಲಿಸುವಂತೆ ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗವನ್ನು ಕೋರಿತು. ಮರುವರ್ಷ 150ಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ವಿರೋಧಿಸಿದರು, ಆ ಸ್ಥಾನವೂ ಜಾರಿಗೆ ಬರಲಿಲ್ಲ. ಯಂತ್ರಕ್ಕೆ ದುಡಿದು ಗಳಿಸಿದ ಹಣವಿಲ್ಲ, ಸೆರೆಮನೆಯ ಭಯವಿಲ್ಲ, ಮಾನ ಹೋದೀತೆಂಬ ಅಳುಕಿಲ್ಲ. ಅದನ್ನು ತಯಾರಿಸಿ, ಮಾರಿ, ಲಾಭ ಪಡೆದವರು ಅದರ ಬೆನ್ನ ಹಿಂದೆ ನಿಂತುಬಿಟ್ಟರೆ ಗಾಯಗೊಂಡವನು ಬರಿಗೈಯಲ್ಲಿ ಮನೆಗೆ ಮರಳಬೇಕಾಗುತ್ತದೆ. ಮುಂದೆಂದಾದರೂ ನೋವನ್ನು ಅನುಭವಿಸಬಲ್ಲ ಯಂತ್ರ ಹುಟ್ಟಿದರೆ ಅದರ ಹಕ್ಕನ್ನು ನಾವು ಮನಸ್ಸಿಟ್ಟು ಚರ್ಚಿಸಲೇಬೇಕು, ಆದರೆ ಆ ಚರ್ಚೆಯೇ ಬೇರೆ.

ಯುರೋಪಿಯನ್ ಒಕ್ಕೂಟವು 2024ರ ನಿರ್ದೇಶನದಲ್ಲಿ ತಂತ್ರಾಂಶವನ್ನೂ ಉತ್ಪನ್ನವೆಂದು ಹೆಸರಿಸಿ, ಅದರ ದೋಷದ ಹೊಣೆಯನ್ನು ತಯಾರಕರಿಗೆ ಕಟ್ಟಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನವನ್ನು ಅನಿಲ, ದ್ರವ, ಘನ ರೂಪದ ವಸ್ತುವೆಂದು ವ್ಯಾಖ್ಯಾನಿಸುತ್ತದೆ. ಸಂಸತ್ತು ಆ ಸಾಲಿಗೆ ತಂತ್ರಾಂಶವನ್ನು ಸ್ಪಷ್ಟವಾಗಿ ಸೇರಿಸಿದರೆ, ಯಂತ್ರದಿಂದ ನಷ್ಟಕ್ಕೊಳಗಾದವರು ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ತಯಾರಕರ ಹೆಸರನ್ನೇ ಬರೆದು ದೂರು ಸಲ್ಲಿಸಬಹುದು.

ನಮಸ್ಕಾರ.